ಹೊತ್ತಲಿಲ್ಲ

ನ್ಯೂಜೆರ್ಸಿಯ ಪೈನ್ ಕಾಡಿನಂಚಿಗೆ, ರನ್‌ವೇಯ ಆಚೆ,
ತಗಡಿನ ಶೆಡ್ಡಿನಲ್ಲಿ ನಮ್ಮ ತೊಟ್ಟಿ.
ವಿಮಾನದ ಹೊಟ್ಟೆಯಿಂದ ಕೊಯ್ದು ತಂದದ್ದಲ್ಲ,
ವೆಂಡೆಲ್ ಎಸ್ಟ್‌ಲೋ ಬೆಸುಗೆ ಹಾಕಿದ್ದು.
ಮಿಲ್‌ವಿಲ್ಲಿನ ಗಾಜಿನ ಕಾರ್ಖಾನೆ ಮುಚ್ಚುವವರೆಗೆ
ಕುಲುಮೆಗೆ ಗಾಳಿ ಊಡುತ್ತಿದ್ದವನು;
ಈಗ ಬೆಂಕಿಯ ಬಾಯಿಂದ ಗಾಳಿ ಕಸಿಯುವ ಕೆಲಸ.
"ಸಂಬಳ ಎರಡಕ್ಕೂ ಒಂದೇ" ಅನ್ನುತ್ತಾನೆ, ನಗುವುದಿಲ್ಲ.

ತುಂಬಿದ ಕೊಡ ತುಳುಕುವುದಿಲ್ಲ,
ತುಂಬಿದ ತೊಟ್ಟಿಗೂ ನಾವು ಅಷ್ಟು ಅಂಜುವುದಿಲ್ಲ.
ಅಂಜಿಕೆಯೆಲ್ಲ ಅರೆಬರಿದಾದದ್ದರ ಮೇಲೆ:
ಬಿಸಿಲಲ್ಲಿ ನಿಂತ ರೆಕ್ಕೆಗಳ ನಡುವೆ
ತಳದ ಎಣ್ಣೆ ಆವಿಯಾಗಿ, ಆವಿ ಗಾಳಿಯೊಡನೆ ಕೂಡಿ,
ಒಂದು ಕಿಡಿಗಾಗಿ ಕಾದು ಕೂತ ಜಾಗ.

ಹೊರಗಿನ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಇಪ್ಪತ್ತೊಂದು.
ಸಾರಜನಕ ಬಿಡುತ್ತೇವೆ, ಸಣ್ಣಗೆ, ಸಿಳ್ಳಿನಂತೆ.
ಹದಿನೆಂಟು. ಗುಂಡಿ ಒತ್ತುತ್ತೇನೆ.
ಶೆಡ್ಡು ಒಮ್ಮೆ ಎದೆ ಬಡಿದುಕೊಳ್ಳುತ್ತದೆ,
ಮೇಲಿನ ಅಲ್ಯೂಮಿನಿಯಂ ಹಾಳೆ ಹಳೇ ಬಟ್ಟೆಯಂತೆ ಪರ್ರೆಂದು ಹರಿಯುತ್ತದೆ,
ಜೌಗಿನ ಕಡಲಹಕ್ಕಿಗಳು ಎದ್ದು, ಬೈದು, ಮತ್ತೆ ಕೂರುತ್ತವೆ.
ಹಾಳೆ ಬದಲಿಸು. ತೊಳೆ. ತುಂಬು. ಕಾಯಿಸು.
ಹದಿನಾರು. ಅಂದರೆ ನಾನು ಹೊರಬಿಡುವ ಉಸಿರು.
ನಾನು ಬಳಸಿ ಬಿಟ್ಟದ್ದೂ ಅದಕ್ಕೆ ಸಾಕು,
ಎಂಜಲುಂಡೂ ಬೆಳೆಯುತ್ತದೆ ಬೆಂಕಿ.
ಹದಿನಾಲ್ಕು. ಈಗ ಬಡಿತವಲ್ಲ, ಗೊಣಗು.
ಹದಿಮೂರು. ಕ್ಯಾಮೆರಾದಲ್ಲಿ ಒಂದು ನೀಲಿ ನಾಲಗೆ
ಕಿಡಿಯನ್ನು ಒಂದು ಸುತ್ತು ಹಾಕಿ,
ಮೇಲೇರಿ, ಏನೋ ಮರೆತಂತೆ ನಿಂತು, ಆರಿತು.
ಹನ್ನೆರಡೂವರೆ. ಐದರಲ್ಲಿ ಒಂದು ಸಲ.
ಆ ಒಂದು ಸಲಕ್ಕಾಗಿಯೇ ನಾನು ಇಲ್ಲಿರುವುದು.
ಹನ್ನೆರಡು. ಟಿಕ್.
ಟಿಕ್.
ಟಿಕ್.
ಪುಸ್ತಕದಲ್ಲಿ ಬರೆಯುತ್ತೇನೆ: ಹೊತ್ತಲಿಲ್ಲ.

ಹೆಚ್ಚುಕಡಿಮೆ ಇದೇ ಅಂಕಿಯಲ್ಲಿ ಮನುಷ್ಯನಿಗೂ ಕಣ್ಣು ಕತ್ತಲೆ,
ಮಾತು ತೊದಲುತ್ತದೆ, ಮಂಡಿ ಕುಸಿಯುತ್ತದೆ.
ಒಂದೇ ಬಟ್ಟಲಲ್ಲಿ ಉಂಡು ಬೆಳೆದವರು, ಬೆಂಕಿ ಮತ್ತು ನಾನು.
ಅದರ ಮುಂದಿನ ತಟ್ಟೆ ಎಳೆದುಕೊಳ್ಳುವಾಗ
ಒಂದು ಬಗೆಯ ನಾಚಿಕೆ. ವೆಂಡೆಲ್‌ಗೆ ಹೇಳಿಲ್ಲ.

ಆಮೇಲೆ ಪಂಪು ಹಚ್ಚಿ ತೊಟ್ಟಿಯೊಳಗೇ ಎತ್ತರ ಮಾಡಿದೆವು:
ನಲವತ್ತು ಸಾವಿರ ಅಡಿ, ಕೂತಲ್ಲೇ, ಕಾಫಿ ಆರುವ ಮುಂಚೆ.
ಅಲ್ಲಿ ಅದು ತುಸು ಹೆಚ್ಚೇ ಕೇಳುತ್ತದೆ, ಹದಿನಾಲ್ಕರ ಮೇಲೆ.
ತೆಳುಗಾಳಿಯಲ್ಲಿ ಬೆಂಕಿಗೂ ಏದುಸಿರು.

ಸೆಪ್ಟೆಂಬರಿನಲ್ಲಿ ಬರ್ನಿಸ್ ಕೊವಾಲ್ಚಿಕ್ ಬಂದಳು,
ಸ್ಕ್ರಾಂಟನ್‌ನಿಂದ, ಬಸ್ಸಿನಲ್ಲಿ.
ಅನುಮತಿಯ ಪತ್ರ ಮಡಚಿ ಮಡಚಿ ಸವೆದಿತ್ತು.
ತಮ್ಮನೊಬ್ಬ ಇದ್ದ. ಅಕಾರ್ಡಿಯನ್ ರಿಪೇರಿ ಮಾಡುವವನು.
ಇಪ್ಪತ್ತೇಳನೇ ಸಾಲು, ಕಿಟಕಿ.
ಅಷ್ಟೇ ಹೇಳಿದಳು.
ಮೇಲಿನವರು ನಮಗೆ ಮೊದಲೇ ಹೇಳಿಟ್ಟಿದ್ದರು:
ಹದಿನೆಂಟು ಬೇಡ, ಹದಿಮೂರೂ ಬೇಡ, ಬರೀ ಹನ್ನೆರಡು ತೋರಿಸಿ.
ಕಿವಿಗೆ ಮುಚ್ಚಿಕೊಳ್ಳಲು ಕೊಟ್ಟೆ. ತೆಗೆದಿಟ್ಟಳು.
ಟಿಕ್.
"ಆಯಿತೇ?"
"ಆಯಿತು."
"ಏನಾಯಿತು?"
"ಏನೂ ಆಗಲಿಲ್ಲ."
ಕೈಚೀಲದ ಹಿಡಿ ಬಿಗಿಹಿಡಿದು ತೊಟ್ಟಿಯನ್ನೇ ನೋಡಿದಳು,
ಮಗು ನಿಜವಾಗಿ ಮಲಗಿತೋ ಎಂದು ನೋಡುವ ಹಾಗೆ.
"ಇನ್ನೊಂದು ಸಲ" ಅಂದಳು.

ಹನ್ನೊಂದು ಸಲ ಒತ್ತಿದೆ.
ವೆಂಡೆಲ್ ಗಡಿಯಾರ ನೋಡಲಿಲ್ಲ.
ಹಕ್ಕಿಗಳು ಏಳಲಿಲ್ಲ. ಹಾಳೆ ಅಲುಗಲಿಲ್ಲ.
ಇಷ್ಟೆಲ್ಲ ಇಲ್ಲಗಳನ್ನು ಒಬ್ಬಳೇ ಕೂತು ಕೇಳಿದಳು,
ಕತ್ತು ಒಂದು ಕಡೆ ವಾಲಿಸಿ,
ತಮ್ಮ ಕಟ್ಟಿಕೊಟ್ಟ ಸ್ವರ ಸರಿಯಿದೆಯೇ ಎಂದು ಪರೀಕ್ಷಿಸುವ ಹಾಗೆ.

ಆ ಪುಟ ವರದಿಗೆ ಸೇರಲಿಲ್ಲ; ಲೆಕ್ಕಕ್ಕೆ ಮೂರೇ ಸಾಕಿತ್ತು.
ನನ್ನ ಮೇಜಿನಲ್ಲಿದೆ, ಹನ್ನೊಂದು ಸಾಲು, ಒಂದೇ ಪದ.

ಐದಕ್ಕೆ ಕಾಲು ಗಂಟೆ ಇರುವಾಗ ಕೊನೆಯ ಬಸ್ಸು.
ವೆಂಡೆಲ್ ತನ್ನ ಪಿಕಪ್‌ನಲ್ಲಿ ಬಿಡಲು ಹೊರಟ.
ಗೇಟು ದಾಟುವ ಮೊದಲು, ಚಳಿಯಿದ್ದರೂ, ಅವಳು ಗಾಜು ಇಳಿಸಿದಳು;
ಉಪ್ಪು, ಪೈನು, ರನ್‌ವೇಯ ಎಣ್ಣೆವಾಸನೆ,
ಇಪ್ಪತ್ತೊಂದೂ ಒಳಗೆ ಬಂತು.